ಕೇರಳ ಪ್ರವಾಸದಿಂದ ಅಕ್ವೇರಿಯಂ ಮೀನನ್ನು ಜೀವಂತವಾಗಿ ಮನೆಗೆ ತರುವುದು: ತೊಟ್ಟಿಯ ಸಿದ್ಧತೆಯಿಂದ ನಾಲ್ಕನೆಯ ವಾರದವರೆಗೆ

ಕೋಯಿಕ್ಕೋಡ್, ತ್ರಿಶ್ಶೂರು, ಕೊಚ್ಚಿ ಕಡೆಗೆ ಪ್ರವಾಸ ಹೋದವರು ಅಲ್ಲಿನ ಮನೆಯಂಗಳದ ಸಿಮೆಂಟ್ ತೊಟ್ಟಿಗಳಲ್ಲಿ ಸಾಕಿದ ಗಪ್ಪಿ, ಏಂಜಲ್, ಫೈಟರ್ ಮೀನುಗಳನ್ನು ಕಂಡು ಮನಸೋತು, ನಾಲ್ಕಾರು ಚೀಲಗಳಲ್ಲಿ ಕಟ್ಟಿಸಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಹೀಗೆ ತಂದವರಲ್ಲಿ ಹೆಚ್ಚಿನವರು ಹೇಳುವ ದೂರು ಒಂದೇ: ಮೀನು ದಾರಿಯಲ್ಲಿ ಸಾಯಲಿಲ್ಲ, ಮನೆಗೆ ಬಂದಾಗ ಚುರುಕಾಗಿಯೇ ಇತ್ತು, ಎರಡನೆಯ ಅಥವಾ ಮೂರನೆಯ ದಿನ ಒಂದೊಂದಾಗಿ ಸತ್ತಿತು.

ನನಗೂ ಹಾಗೆಯೇ ಆಗಿತ್ತು. ಮೊದಲ ಸಲ ತಂದ 12 ಗಪ್ಪಿಗಳು ರಾತ್ರಿಯಿಡೀ ಚೀಲದಲ್ಲಿ ಕಳೆದು ಬೆಳಿಗ್ಗೆ ಮೈಸೂರಿಗೆ ಬಂದಾಗ ಹನ್ನೆರಡೂ ಈಜುತ್ತಿದ್ದವು. ಮೂರನೆಯ ದಿನ ಸಂಜೆಗೆ ಒಂದೂ ಉಳಿಯಲಿಲ್ಲ. ಎಸೆಯದೆ ಇಟ್ಟಿದ್ದ ಚೀಲದ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ ತೋರಿಸುವ ಉಪಕರಣ) ಅದ್ದಿದಾಗ 90ರ ಆಸುಪಾಸು ತೋರಿಸಿತು, ನಮ್ಮ ಬೋರ್‌ವೆಲ್ ನೀರು 710 ತೋರಿಸಿತು. ಕಾರಣ ಅಲ್ಲೇ ಇತ್ತು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ದಾರಿಗಿಂತ ನೀರಿನ ಬಗ್ಗೆ ಹೆಚ್ಚು ಹೇಳಿದ್ದೇನೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮೊದಲ ಹಂತ ಪ್ರವಾಸಕ್ಕೆ ಐದಾರು ವಾರ ಮೊದಲೇ ಆರಂಭವಾಗುತ್ತದೆ.

ಹಂತ 1: ಹೊರಡುವ ಮೊದಲೇ ಪ್ರತ್ಯೇಕ ತೊಟ್ಟಿ

ಹೊಸ ಮೀನನ್ನು ನೇರವಾಗಿ ದೊಡ್ಡ ಅಕ್ವೇರಿಯಂಗೆ ಬಿಡಬಾರದು. ಅದಕ್ಕೆಂದೇ 40 ಲೀಟರ್ ಹಿಡಿಯುವ ಒಂದು ಚಿಕ್ಕ ತೊಟ್ಟಿ ಬೇಕು. ಅದರಲ್ಲಿ ಸ್ಪಂಜ್ ಫಿಲ್ಟರ್, ಏರ್ ಪಂಪ್, ಥರ್ಮಾಮೀಟರ್, 50 ವಾಟ್‌ನ ಹೀಟರ್ ಮತ್ತು ಮುಚ್ಚಳ ಇರಬೇಕು. ಜಲ್ಲಿ, ಗಿಡ ಬೇಡ. ಮೀನು ಅಡಗಲು ಒಂದು ಮಣ್ಣಿನ ಕುಂಡವನ್ನು ಮಲಗಿಸಿದರೆ ಸಾಕು. ಗಪ್ಪಿಯೂ ಫೈಟರ್ ಮೀನೂ ಗಾಬರಿಯಾದಾಗ ಹೊರಕ್ಕೆ ಹಾರುವುದರಿಂದ ಮುಚ್ಚಳವನ್ನು ಮರೆಯಬೇಡಿ.

ತೊಟ್ಟಿಗೆ ನೀರು ತುಂಬಿಸಿದ ಮಾತ್ರಕ್ಕೆ ಅದು ಸಿದ್ಧವಾಗುವುದಿಲ್ಲ. ಮೀನು ಕಿವಿರಿನ ಮೂಲಕ ಬಿಡುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ ನೆಲೆಯೂರಬೇಕು, ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮನೆಯಲ್ಲಿ ಈಗಾಗಲೇ ಆರೋಗ್ಯವಾಗಿ ನಡೆಯುತ್ತಿರುವ ತೊಟ್ಟಿ ಇದ್ದರೆ ಹೊಸ ಸ್ಪಂಜ್ ಫಿಲ್ಟರನ್ನು ಅದರಲ್ಲೇ ಒಂದು ತಿಂಗಳು ಓಡಿಸಿ, ಹೊರಡುವ ಹಿಂದಿನ ದಿನ ಚಿಕ್ಕ ತೊಟ್ಟಿಗೆ ವರ್ಗಾಯಿಸುವುದು ಎಲ್ಲಕ್ಕಿಂತ ಸುಲಭ. ಹಳೆಯ ತೊಟ್ಟಿ ಇಲ್ಲದವರು ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತಾ ಬಂದು, ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಮೊದಲು ಏರಿ ಆಮೇಲೆ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ಹಿಂಡಿ ತೊಳೆಯುವುದು. ಕಾವೇರಿ ನೀರಿನಲ್ಲಿರುವ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಳೆಯಲೇಬೇಕಾದರೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಎತ್ತಿ.

ಹಂತ 2: ಯಾವ ಮೀನು, ಯಾರಿಂದ

ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನನ್ನು ಸಾಕಣೆದಾರರಿಂದ ಖರೀದಿಸಿ, ಬಿಲ್ ಕೇಳಿ ಪಡೆಯಿರಿ. ಹೊಳೆ, ಹಿನ್ನೀರು, ಸಮುದ್ರದಿಂದ ಸ್ವತಃ ಹಿಡಿದು ತರುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ಮಿಸ್ ಕೇರಳ ಎಂದು ಹೆಸರಾದ ಕೆಂಪು ಪಟ್ಟೆಯ ಮೀನು ಪಶ್ಚಿಮ ಘಟ್ಟದ ಕೆಲವೇ ನದಿಗಳಲ್ಲಿ ಮಾತ್ರ ಇರುವ, ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಸೇರಿದ ಜೀವಿ. ಅಂಡಮಾನ್, ಲಕ್ಷದ್ವೀಪ ಪ್ರವಾಸದಲ್ಲಿ ಸಿಗುವ ಹವಳ, ಕಡಲಕುದುರೆ, ಸಮುದ್ರ ಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅವುಗಳನ್ನು ಸಂಗ್ರಹಿಸುವುದೇ ಅಪರಾಧ.

ಥಾಯ್ಲೆಂಡ್, ಸಿಂಗಪುರ, ಶ್ರೀಲಂಕಾದಿಂದ ಮೀನು ತರಬಹುದೇ ಎಂದು ಕೇಳುವವರಿದ್ದಾರೆ. ಜೀವಂತ ಮೀನಿನ ಆಮದಿಗೆ ಮೊದಲೇ ಪಡೆದ ಪರವಾನಗಿ, ಆ ದೇಶದ ಆರೋಗ್ಯ ಪ್ರಮಾಣಪತ್ರ, ಇಲ್ಲಿ ಬಂದ ಮೇಲೆ ಕ್ವಾರಂಟೈನ್ ಎಲ್ಲವೂ ಬೇಕು. ಪ್ರವಾಸಿಯ ಸೂಟ್‌ಕೇಸಿನಲ್ಲಿ ಆಗುವ ಕೆಲಸ ಅದಲ್ಲ. ಏಷ್ಯನ್ ಅರೊವಾನಾದಂಥ ಮೀನಿನ ಮೇಲೆ ಅಂತಾರಾಷ್ಟ್ರೀಯ ವ್ಯಾಪಾರ ನಿರ್ಬಂಧವೂ ಇದೆ. ಈ ಮಾರ್ಗದರ್ಶಿ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ.

ಹಿನ್ನೀರಿನ ಕರಿಮೀನಿನ ಮರಿ ಅಥವಾ ಪಲ್ಲತ್ತಿ ಎಂದು ಕರೆಯುವ ಹಳದಿ ಮೀನನ್ನು ಸಾಕಣೆದಾರರಿಂದ ಕೊಳ್ಳುವವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಇವನ್ನು ಸಿಹಿನೀರಿನಲ್ಲಿ ಬೆಳೆಸಿದ್ದೀರೋ, ಚೌಳು ನೀರಿನಲ್ಲೋ? ಎರಡು ಬಗೆಯ ನೀರಿನಲ್ಲೂ ಬದುಕುವ ಮೀನುಗಳೇ ಹೌದು, ಆದರೆ ಒಂದರಿಂದ ಇನ್ನೊಂದಕ್ಕೆ ಒಂದೇ ದಿನದಲ್ಲಿ ದಾಟಿಸಬಾರದು. ವೇಂಬನಾಡ್ ಸರೋವರದಲ್ಲೇ ಸಮುದ್ರದ ಉಪ್ಪುನೀರನ್ನು ತಡೆಯುವ ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲು ಮುಚ್ಚಿರುವ ತಿಂಗಳುಗಳಲ್ಲಿ ಒಡ್ಡಿನ ಒಂದು ಕಡೆಯ ನೀರಿಗೂ ಇನ್ನೊಂದು ಕಡೆಯ ನೀರಿಗೂ ಉಪ್ಪಿನಲ್ಲಿ ತುಂಬಾ ವ್ಯತ್ಯಾಸವಿರುತ್ತದೆ. ಊರಿನ ಹೆಸರು ಕೇಳಿ ನೀರು ಹೇಗಿರಬಹುದೆಂದು ಊಹಿಸಲಾಗುವುದಿಲ್ಲ.

ಮೊದಲ ಸಲ ತರುವವರಿಗೆ ನನ್ನ ಸಲಹೆ: ಒಂದೇ ಜಾತಿ, ಒಂದೇ ಸಾಕಣೆದಾರರು, ಹತ್ತರೊಳಗಿನ ಸಂಖ್ಯೆ.

ಹಂತ 3: ಪ್ರವಾಸದ ಚೀಲದಲ್ಲಿ ಇರಬೇಕಾದದ್ದು

ಕಡ್ಡಿಯಂತಿರುವ ಟಿಡಿಎಸ್ ಮೀಟರ್, ನೀರು ಆಮ್ಲೀಯವೋ ಕ್ಷಾರೀಯವೋ ಎಂದು ತಿಳಿಸುವ ಪಿಎಚ್ ಪರೀಕ್ಷಾ ಕಿಟ್, ಥರ್ಮಾಮೀಟರ್, ಮುಚ್ಚಳವಿರುವ ಥರ್ಮೋಕೋಲ್ ಡಬ್ಬ, ಹಳೆಯ ದಿನಪತ್ರಿಕೆ, ಅಗಲವಾದ ಅಂಟುಪಟ್ಟಿ, ಹೆಚ್ಚುವರಿ ದಪ್ಪ ಪ್ಲಾಸ್ಟಿಕ್ ಚೀಲಗಳು ಮತ್ತು ರಬ್ಬರ್ ಬ್ಯಾಂಡ್‌ಗಳು. ಮೀನು ಅಂಗಡಿಯವರು ಔಷಧಿಯ ಖಾಲಿ ಥರ್ಮೋಕೋಲ್ ಡಬ್ಬಗಳನ್ನು ಬಳಸುವುದನ್ನು ನೀವು ನೋಡಿರಬಹುದು. ಒಳಗೆ ಔಷಧಿಯ ಶೇಷವಿಲ್ಲದಂತೆ ತೊಳೆದು ಒಣಗಿಸಿದರೆ ಅದೂ ಆಗುತ್ತದೆ.

ಹಂತ 4: ಕೊಳ್ಳುವ ದಿನ ನೀರನ್ನು ಅಳೆಯುವುದು

ಪ್ರವಾಸದ ಕೊನೆಯ ದಿನವೇ ಮೀನು ಕೊಳ್ಳಬೇಕು. ಹೋಟೆಲ್ ಕೋಣೆಯಲ್ಲಿ ಎರಡು ದಿನ ಬಕೆಟ್‌ನಲ್ಲಿಟ್ಟುಕೊಂಡ ಮೀನು ಪ್ರಯಾಣಕ್ಕೆ ಮೊದಲೇ ಸೋತಿರುತ್ತದೆ. ಎರಡು ದಿನ ಮುಂಚೆ ಫೋನ್ ಮಾಡಿ ಮೀನನ್ನು ಕಾಯ್ದಿರಿಸಿ, ಕಟ್ಟುವ ಮೊದಲು ಕನಿಷ್ಠ 24 ಗಂಟೆ ಆಹಾರ ಹಾಕಬಾರದೆಂದು ಕೇಳಿಕೊಳ್ಳಿ. ಹೊಟ್ಟೆ ತುಂಬಿದ ಮೀನು ಚೀಲದೊಳಗೆ ಮಲ ವಿಸರ್ಜಿಸಿ ತನ್ನ ನೀರನ್ನು ತಾನೇ ಕೆಡಿಸಿಕೊಳ್ಳುತ್ತದೆ. ಒಂದೆರಡು ದಿನದ ಉಪವಾಸದಿಂದ ಬೆಳೆದ ಮೀನಿಗೆ ಯಾವ ತೊಂದರೆಯೂ ಇಲ್ಲ. ಕೆಲವೇ ದಿನದ ಮರಿಗಳಿಗೆ ಮಾತ್ರ ಇದು ಹೊಂದುವುದಿಲ್ಲ, ಅವುಗಳನ್ನು ತರಲೂಬಾರದು.

ತೊಟ್ಟಿಯ ಬಳಿ ನಿಂತು ಐದು ನಿಮಿಷ ಸುಮ್ಮನೆ ನೋಡಿ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದ ಮೀನು, ಗೋಡೆಗೆ ಮೈ ಉಜ್ಜುವ ಮೀನು, ರವೆಯಂಥ ಬಿಳಿ ಚುಕ್ಕೆಯಿರುವ ಮೀನು, ಬೆನ್ನು ಬಾಗಿ ಹೊಟ್ಟೆ ಒಳಕ್ಕೆ ಹೋದ ಮೀನು ಆ ತೊಟ್ಟಿಯಲ್ಲಿ ಒಂದೇ ಒಂದು ಕಂಡರೂ ಅಲ್ಲಿಂದ ಯಾವುದನ್ನೂ ಕೊಳ್ಳಬೇಡಿ, ಏಕೆಂದರೆ ನೀರು ಎಲ್ಲಕ್ಕೂ ಒಂದೇ.

ಈಗ ಮುಖ್ಯ ಕೆಲಸ. ಮೀಟರನ್ನು ಸಾಕಣೆದಾರರ ತೊಟ್ಟಿಗೆ ಅದ್ದಿ ಟಿಡಿಎಸ್, ಪಿಎಚ್, ಉಷ್ಣತೆ ಮೂರನ್ನೂ ಬರೆದುಕೊಳ್ಳಿ. ಕೇರಳದ ಜಂಬಿಟ್ಟಿಗೆ ಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೃದು, ತುಸು ಆಮ್ಲೀಯ; ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡುಸು, ಕ್ಷಾರೀಯ. ಮೀನಿನ ಮೈಯೊಳಗಿನ ಲವಣವನ್ನು ಸಮತೋಲದಲ್ಲಿಡುವ ವ್ಯವಸ್ಥೆಯು ಸುತ್ತಲಿನ ನೀರಿಗೆ ಹೊಂದಿಕೊಂಡು ಕೆಲಸ ಮಾಡುತ್ತಿರುತ್ತದೆ, ಆ ಹೊಂದಾಣಿಕೆ ಬದಲಾಗಲು ದಿನಗಳು ಬೇಕು, ಗಂಟೆಗಳು ಸಾಲವು. ಬಿಟ್ಟ ದಿನ ಚೆನ್ನಾಗಿ ಈಜಿ ಮೂರನೆಯ ದಿನ ಸಾಯುವುದರ ಒಂದು ದೊಡ್ಡ ಕಾರಣ ಇದು.

ಅಳತೆ ಸಿಕ್ಕ ಕೂಡಲೇ ಮನೆಯಲ್ಲಿರುವವರಿಗೆ ಫೋನ್ ಮಾಡಿ, ಪ್ರತ್ಯೇಕ ತೊಟ್ಟಿಯ ನೀರನ್ನು ಆ ಅಂಕಿಗೆ ಹತ್ತಿರ ತರಲು ಹೇಳಿ. ಲೆಕ್ಕ ಕಷ್ಟವಲ್ಲ. ಮನೆಯ ಬೋರ್‌ವೆಲ್ ನೀರಿನ ಟಿಡಿಎಸ್ 700, ಅಡುಗೆಮನೆಯ ಆರ್‌ಒ ನೀರಿನದು 30, ಸಾಕಣೆದಾರರ ನೀರು 150 ಎಂದುಕೊಳ್ಳೋಣ: 8 ಲೀಟರ್ ಆರ್‌ಒ ನೀರಿಗೆ 2 ಲೀಟರ್ ಬೋರ್‌ವೆಲ್ ನೀರು ಬೆರೆಸಿದರೆ ಸುಮಾರು 160 ಬರುತ್ತದೆ. ನಲ್ಲಿ ನೀರನ್ನು ಬೆರೆಸುವವರು ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ದ್ರಾವಣವನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲಿ ಹಾಕಿರಬೇಕು. ಬರೀ ಆರ್‌ಒ ನೀರಿನಲ್ಲಿ ಮೀನು ಬಿಡುವುದು ಇನ್ನೊಂದು ಅಪಾಯ. ಲವಣವೇ ಇಲ್ಲದ ನೀರಿನ ಪಿಎಚ್ ಇದ್ದಕ್ಕಿದ್ದಂತೆ ಕುಸಿಯಬಹುದು.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸಾಕಣೆದಾರರಿಂದಲೇ ಹಿಂದಿನ ವಾರ ಅಳತೆ ಕೇಳಿ ತಿಳಿದು, ಹೊರಡುವ ಮೊದಲೇ ನೀರು ಸಿದ್ಧಪಡಿಸಿಡಿ.

ಹಂತ 5: ಚೀಲ ಕಟ್ಟುವುದು

ಚೀಲದ ಮೂರನೆಯ ಒಂದು ಭಾಗ ನೀರು, ಉಳಿದ ಎರಡು ಭಾಗ ಆಮ್ಲಜನಕ ಇರಬೇಕು. ಜಾಸ್ತಿ ನೀರಿದ್ದರೆ ಮೀನಿಗೆ ಒಳ್ಳೆಯದು ಎಂದು ನೀರು ತುಂಬಿಸಿ ಕಟ್ಟಿಸುವವರೇ ಹೆಚ್ಚು. ಮೀನು ಉಸಿರಾಡುವ ಆಮ್ಲಜನಕ ಮೇಲಿನ ಗಾಳಿಯಿಂದ ನೀರಿಗೆ ಕರಗಬೇಕಾದ್ದರಿಂದ ಗಾಳಿಯ ಜಾಗವೇ ಇಲ್ಲಿ ಮುಖ್ಯ. ಬಾಯಿಂದ ಊದಿ ಕಟ್ಟುವುದನ್ನು ಒಪ್ಪಿಕೊಳ್ಳಬೇಡಿ. ಮೂರು ಸೆಂಟಿಮೀಟರ್ ಉದ್ದದ ಗಪ್ಪಿಗಳಾದರೆ ಎರಡು ಲೀಟರ್ ನೀರಿಗೆ ಎಂಟು ಹತ್ತಕ್ಕಿಂತ ಹೆಚ್ಚು ಬೇಡ.

ಫೈಟರ್ ಮೀನನ್ನು ಒಂದೊಂದಾಗಿಯೇ ಕಟ್ಟಬೇಕು. ಅದು ಮೇಲಕ್ಕೆ ಬಂದು ಗಾಳಿ ನುಂಗಿ ಉಸಿರಾಡುವ ಮೀನಾದ್ದರಿಂದ ಅದಕ್ಕೆ ಸಾಮಾನ್ಯ ಗಾಳಿಯೇ ಸಾಕು. ಮುಳ್ಳಿರುವ ಕ್ಯಾಟ್‌ಫಿಶ್ ಜಾತಿಗಳು ಚೀಲವನ್ನು ಚುಚ್ಚುತ್ತವೆ. ಎರಡು ಚೀಲಗಳ ನಡುವೆ ದಿನಪತ್ರಿಕೆಯ ಹಾಳೆ ಸುತ್ತಿಸಿ.

ಚೀಲದ ತಳದ ಎರಡು ಮೂಲೆಗಳನ್ನು ಮಡಚಿ ಅಂಟುಪಟ್ಟಿ ಹಾಕಿದರೆ ಸಣ್ಣ ಮೀನು ಮೂಲೆಯಲ್ಲಿ ಸಿಕ್ಕಿಕೊಂಡು ನಜ್ಜಾಗುವುದಿಲ್ಲ. ಆಮೇಲೆ ಅದನ್ನು ಇನ್ನೊಂದು ಚೀಲದೊಳಗೆ ತಲೆಕೆಳಗಾಗಿ ಇಟ್ಟು ಮತ್ತೆ ಕಟ್ಟಬೇಕು.

ಕರಾವಳಿಯಿಂದ ಘಟ್ಟ ಹತ್ತುವವರಿಗೆ ಮಾತ್ರ ಅನ್ವಯಿಸುವ ಒಂದು ಮಾತು: ಚೀಲವನ್ನು ಚೆಂಡಿನಂತೆ ಬಿಗಿಯಾಗಿ ಊದಿಸಬೇಡಿ. ಸಮುದ್ರಮಟ್ಟದಲ್ಲಿರುವ ಕೋಯಿಕ್ಕೋಡ್‌ನಿಂದ 700 ಮೀಟರ್‌ಗೂ ಎತ್ತರದ ವಯನಾಡಿಗೆ, ಮೈಸೂರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಇಳಿದು ಚೀಲದೊಳಗಿನ ಗಾಳಿ ಹತ್ತನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಸಡಿಲವಿರಲಿ.

ಹಂತ 6: ದಾರಿ

ಚೀಲಗಳನ್ನು ಥರ್ಮೋಕೋಲ್ ಡಬ್ಬದಲ್ಲಿಟ್ಟು, ಅಲ್ಲಾಡದಂತೆ ಸುತ್ತಲೂ ದಿನಪತ್ರಿಕೆ ತುರುಕಿ, ಮುಚ್ಚಳ ಹಾಕಿ. ಕತ್ತಲಲ್ಲಿ ಮೀನು ಶಾಂತವಾಗಿರುತ್ತದೆ, ಆಮ್ಲಜನಕವನ್ನೂ ಕಡಿಮೆ ಬಳಸುತ್ತದೆ. ಪ್ರತಿ ಗಂಟೆಗೊಮ್ಮೆ ಮುಚ್ಚಳ ತೆಗೆದು ಮಕ್ಕಳಿಗೆ ತೋರಿಸುವ ಆಸೆಯನ್ನು ತಡೆದುಕೊಳ್ಳಬೇಕು. ದಾರಿಯಲ್ಲಿ ಚೀಲ ಬಿಚ್ಚಿ ಹೊಸ ನೀರು ಹಾಕುವುದಂತೂ ಖಂಡಿತ ಬೇಡ, ಇದರ ಕಾರಣ ಮುಂದಿನ ಹಂತದಲ್ಲಿದೆ.

ಕಾರಿನಲ್ಲಿ ಡಬ್ಬ ಇರಬೇಕಾದದ್ದು ಸೀಟಿನ ಕೆಳಭಾಗದಲ್ಲಿ, ಡಿಕ್ಕಿಯಲ್ಲಲ್ಲ. ಊಟಕ್ಕೆ ನಿಲ್ಲಿಸಿದಾಗ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆ ಬಿಟ್ಟರೂ ನೀರು ಕಾಯುತ್ತದೆ. ಡಬ್ಬವನ್ನು ಜೊತೆಯಲ್ಲೇ ಒಳಗೆ ಒಯ್ಯಿರಿ. ಎಸಿಯ ಗಾಳಿ ನೇರವಾಗಿ ಡಬ್ಬಕ್ಕೆ ಬಡಿಯುವುದೂ ಒಳ್ಳೆಯದಲ್ಲ. ಬಸ್ಸಿನಲ್ಲಾದರೆ ಕೆಳಗಿನ ಲಗೇಜ್ ಗೂಡಿಗೆ ಹಾಕಬೇಡಿ. ವಿಮಾನದಲ್ಲಿ ತರಲು ಬಯಸುವವರು ಟಿಕೆಟ್ ಕೊಳ್ಳುವ ಮೊದಲೇ ವಿಮಾನಯಾನ ಸಂಸ್ಥೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಜೀವಂತ ಪ್ರಾಣಿಯನ್ನು ಸಾಮಾನಿನೊಂದಿಗೆ ಒಪ್ಪದ ಸಂಸ್ಥೆಗಳಿವೆ, ಭದ್ರತಾ ತಪಾಸಣೆಯಲ್ಲಿ ಮೀನನ್ನು ಬಿಟ್ಟು ಹೋಗಬೇಕಾದ ಸ್ಥಿತಿ ಬರಬಾರದು.

ಸಮಯದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿ. ವಯನಾಡಿನಿಂದ ಗುಂಡ್ಲುಪೇಟೆಗೆ, ಗೂಡಲೂರಿನಿಂದ ಗುಂಡ್ಲುಪೇಟೆಗೆ ಬರುವ ಎರಡೂ ದಾರಿಗಳು ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತವೆ. ನಾನು ಆ ಮೊದಲ ಸಲ ತಾಮರಶ್ಶೇರಿ ಘಾಟಿಯ ತಿರುವುಗಳಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದು, ಗೇಟಿಗೆ ಬಂದಾಗ ಒಂಬತ್ತು ದಾಟಿ ಕೆಲವೇ ನಿಮಿಷಗಳಾಗಿದ್ದವು. ಐದಾರು ಗಂಟೆಯ ಪ್ರಯಾಣಕ್ಕೆಂದು ಕಟ್ಟಿದ ಚೀಲದಲ್ಲಿ ಮೀನು ಹದಿನಾರು ಗಂಟೆ ಇರಬೇಕಾಯಿತು. ಕೋಯಿಕ್ಕೋಡ್‌ನಿಂದ ಮಧ್ಯಾಹ್ನ 12ರೊಳಗೆ ಹೊರಡಿ. ವಾರಾಂತ್ಯವಾದರೆ ಇನ್ನೂ ಬೇಗ. ಎಷ್ಟೇ ಹತ್ತಿರದ ಪ್ರಯಾಣವಾದರೂ ಚೀಲವನ್ನು 24 ಗಂಟೆಗೆಂದೇ ಕಟ್ಟಿಸಿಕೊಳ್ಳಿ.

ಹಂತ 7: ಚೀಲ ತೆರೆಯುವುದು

ಇಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ, ಅದೂ ಒಳ್ಳೆಯ ಉದ್ದೇಶದಿಂದಲೇ ಆಗುವಂಥದ್ದು. ಚೀಲವನ್ನು ತೆರೆದು, ಅದರೊಳಗೆ ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಗಂಟೆಗಟ್ಟಲೆ ಬೆರೆಸುವ ಪದ್ಧತಿಯನ್ನು ಅನೇಕರು ಅನುಸರಿಸುತ್ತಾರೆ. ಪಕ್ಕದ ಬೀದಿಯ ಅಂಗಡಿಯಿಂದ ತಂದ ಮೀನಿಗೆ ಅದು ಸರಿ. ದೂರದಿಂದ ಬಂದ ಮೀನಿಗೆ ಅದೇ ವಿಷ.

ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಪಿಎಚ್ ಇಳಿಯುತ್ತಾ ಹೋಗುತ್ತದೆ. ಜೊತೆಯಲ್ಲೇ ಅಮೋನಿಯಾವೂ ಸೇರುತ್ತದೆ, ಆದರೆ ಪಿಎಚ್ ಕಡಿಮೆಯಿರುವವರೆಗೆ ಅದು ಹೆಚ್ಚಿನಂಶ ಅಮೋನಿಯಂ ಎಂಬ ಅಷ್ಟೊಂದು ಅಪಾಯವಲ್ಲದ ರೂಪದಲ್ಲೇ ಇರುತ್ತದೆ. ಚೀಲ ತೆರೆದ ಕ್ಷಣದಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಏರತೊಡಗುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಭಾಗ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಕ್ಷಾರೀಯ ಬೋರ್‌ವೆಲ್ ನೀರನ್ನು ಅದೇ ಚೀಲಕ್ಕೆ ಸುರಿದರೆ ಈ ಏರಿಕೆ ಇನ್ನೂ ವೇಗ. ಮೀನಿನ ಕಿವಿರು ಅಷ್ಟರಲ್ಲೇ ಸುಟ್ಟುಹೋಗಿರುತ್ತದೆ, ಸಾವು ಕಾಣಿಸಿಕೊಳ್ಳುವುದು ಆಮೇಲೆ.

ಆದ್ದರಿಂದ ಹೀಗೆ ಮಾಡಿ:

1. ಕೋಣೆಯ ದೀಪ ಮಂದ ಮಾಡಿ, ತೊಟ್ಟಿಯ ದೀಪ ಆರಿಸಿ. ಡಬ್ಬದ ಮುಚ್ಚಳ ತೆಗೆದು ಐದು ಹತ್ತು ನಿಮಿಷ ಬಿಡಿ.

2. ಹೊರಚೀಲವನ್ನು ತೆಗೆದು, ಒಳಚೀಲವನ್ನು ಬಿಚ್ಚದೆಯೇ ತೊಟ್ಟಿಯ ನೀರಿನ ಮೇಲೆ 20 ನಿಮಿಷ ತೇಲಬಿಡಿ. ಉಷ್ಣತೆ ಸಮವಾಗಲು ಇದು ಬೇಕು. ಮೈಸೂರು, ಬೆಂಗಳೂರಿನ ಚಳಿಗಾಲದ ರಾತ್ರಿಯಲ್ಲಿ ಹೀಟರ್ ಇಲ್ಲದ ತೊಟ್ಟಿಯ ನೀರು ಕೇರಳದ ತೊಟ್ಟಿಗಿಂತ ಏಳೆಂಟು ಡಿಗ್ರಿ ತಣ್ಣಗಿರಬಹುದು. ಹೀಟರನ್ನು ಹಿಂದಿನ ದಿನವೇ 26 ಡಿಗ್ರಿಗೆ ಇಟ್ಟಿರಿ.

3. ತೊಟ್ಟಿಯ ನೀರು ಸಾಕಣೆದಾರರ ನೀರಿನ ಅಂಕಿಗೆ ಹತ್ತಿರವಿದೆಯೇ ಎಂದು ಮೀಟರ್‌ನಿಂದ ಕೊನೆಯ ಬಾರಿ ನೋಡಿ. 100ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೀಲ ಬಿಚ್ಚುವ ಮೊದಲೇ ತೊಟ್ಟಿಯನ್ನು ಸರಿಪಡಿಸಿ. ಬಿಚ್ಚದ ಚೀಲದಲ್ಲಿ ಮೀನು ಇನ್ನೊಂದು ಗಂಟೆ ಇರಬಲ್ಲದು.

4. ಬಕೆಟ್ಟಿನ ಮೇಲೆ ಮೃದುವಾದ ಬಲೆ ಹಿಡಿದು ಚೀಲದ ಬಾಯಿ ಕತ್ತರಿಸಿ ನೀರನ್ನು ಸುರಿಯಿರಿ. ಬಲೆಯಲ್ಲಿ ಉಳಿದ ಮೀನನ್ನು ತಕ್ಷಣ ತೊಟ್ಟಿಗೆ ಬಿಡಿ. ಕತ್ತರಿಸಿದ್ದರಿಂದ ಬಿಡುವವರೆಗೆ ಒಂದು ನಿಮಿಷ ಮೀರಬಾರದು. ಮುಳ್ಳಿರುವ ಮೀನು ಬಲೆಗೆ ಸಿಕ್ಕಿಕೊಳ್ಳುವುದರಿಂದ ಅದನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಿಂದ ಎತ್ತಿ.

5. ಚೀಲದ ನೀರನ್ನು ಎಂದಿಗೂ ತೊಟ್ಟಿಗೆ ಸುರಿಯಬೇಡಿ. ಅಂಗಳದ ಗಿಡಕ್ಕೆ ಹಾಕಿ.

ಮೊದಲ 24 ಗಂಟೆ ದೀಪವೂ ಇಲ್ಲ, ಆಹಾರವೂ ಇಲ್ಲ. ಮೀನು ಮೂಲೆಯಲ್ಲಿ ಮಂಕಾಗಿ, ಬಣ್ಣ ಕುಂದಿ ನಿಂತಿರುವುದು ಆ ದಿನ ಸಹಜ.

ಹಂತ 8: ನಾಲ್ಕು ವಾರ ಪ್ರತ್ಯೇಕವಾಗಿ

ಎರಡನೆಯ ದಿನದಿಂದ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ದಿನಕ್ಕೊಮ್ಮೆ ಹಾಕಿ. ಮೊದಲ ಹತ್ತು ದಿನ ದಿನವೂ ಅಮೋನಿಯಾ ಮತ್ತು ನೈಟ್ರೈಟ್ ಅಳೆಯಿರಿ. ಯಾವುದೇ ಒಂದು ಸೊನ್ನೆಗಿಂತ ಮೇಲೆ ಬಂದರೆ ಅದೇ ಟಿಡಿಎಸ್‌ನ, ಅದೇ ಉಷ್ಣತೆಯ ನೀರಿನಿಂದ ಕಾಲು ಭಾಗ ಬದಲಿಸಿ.

ಎಚ್ಚರಿಕೆಯ ಚಿಹ್ನೆಗಳನ್ನು ಹೀಗೆ ಓದಬೇಕು. ಎಲ್ಲ ಮೀನುಗಳೂ ಒಟ್ಟಿಗೆ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ರೋಗವಲ್ಲ, ನೀರಿನ ತೊಂದರೆ: ಮೊದಲು ಏರ್ ಪಂಪ್ ನೋಡಿ, ಆಮೇಲೆ ಅಮೋನಿಯಾ ಅಳೆಯಿರಿ. ಕಿವಿರು ಕಡುಗೆಂಪಾಗಿದ್ದರೆ ಅಮೋನಿಯಾ, ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಎಂದು ಸಂಶಯಿಸಿ. ಒಂದೇ ಮೀನು ಮೈ ಉಜ್ಜುತ್ತಾ, ರೆಕ್ಕೆ ಮುಚ್ಚಿಕೊಂಡು ನಿಂತರೆ ಪರೋಪಜೀವಿ ಇರಬಹುದು. ಬಿಳಿ ದಾರದಂಥ ಮಲ ಹೊಟ್ಟೆಯ ತೊಂದರೆಯನ್ನು, ಹತ್ತಿಯಂಥ ಬಿಳಿ ಎಳೆ ಗಾಯಕ್ಕೆ ಹತ್ತಿದ ಸೋಂಕನ್ನು ತೋರಿಸುತ್ತದೆ.

ಬಿಳಿ ಚುಕ್ಕೆ ರೋಗ ಪ್ರಯಾಣದ ಆಯಾಸದ ಬೆನ್ನಲ್ಲೇ ಬರುವುದು ಹೆಚ್ಚು. ಉಷ್ಣತೆಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 29–30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಅಂಗಡಿಯಲ್ಲಿ ಸಿಗುವ ಬಿಳಿ ಚುಕ್ಕೆಯ ಔಷಧಿಯನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲೇ ಹಾಕಿ. ಮೀನಿನ ಮೈಮೇಲಿನ ಚುಕ್ಕೆಯೊಳಗಿರುವ ಪರೋಪಜೀವಿಗೆ ಔಷಧಿ ತಾಗುವುದಿಲ್ಲ, ನೀರಿನಲ್ಲಿ ಈಜುವ ಅದರ ಮರಿಗಳಿಗಷ್ಟೇ ತಾಗುತ್ತದೆ. ಆದ್ದರಿಂದ ಚುಕ್ಕೆ ಮಾಯವಾದ ಕೂಡಲೇ ಔಷಧಿ ನಿಲ್ಲಿಸದೆ ಇನ್ನೂ ಕೆಲವು ದಿನ ಮುಂದುವರಿಸಬೇಕು. ರೋಗವಿಲ್ಲದಾಗ ಮುನ್ನೆಚ್ಚರಿಕೆಗೆಂದು ನಾಲ್ಕು ಬಗೆಯ ಔಷಧಿ ಸುರಿಯುವುದರಿಂದ ಸ್ಪಂಜಿನ ಬ್ಯಾಕ್ಟೀರಿಯಾಗಳೇ ಸಾಯಬಹುದು. ಗಪ್ಪಿ, ಮಾಲಿ ಮೀನುಗಳಿಗೆ ಮುನ್ನೆಚ್ಚರಿಕೆಗೆ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಸಾಕು. ಕ್ಯಾಟ್‌ಫಿಶ್‌ಗಳಿಗೆ ಅದೂ ಬೇಡ.

ಎರಡನೆಯ ವಾರದಿಂದ, ಮೀನು ಚೆನ್ನಾಗಿ ತಿನ್ನುತ್ತಿದ್ದರೆ, ನಿಮ್ಮ ಮನೆಯ ನೀರಿನತ್ತ ನಿಧಾನವಾಗಿ ತಿರುಗಿ. ಎರಡು ದಿನಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರು ತೆಗೆದು ಅಷ್ಟೇ ಬೋರ್‌ವೆಲ್ ಅಥವಾ ಕ್ಲೋರಿನ್ ತೆಗೆದ ನಲ್ಲಿ ನೀರು ಸೇರಿಸುತ್ತಾ ಬಂದರೆ ಟಿಡಿಎಸ್ ಒಂದು ಸಲಕ್ಕೆ 50–60ಕ್ಕಿಂತ ಹೆಚ್ಚು ಏರುವುದಿಲ್ಲ. ಗಪ್ಪಿ, ಮಾಲಿಗಳು ಗಡುಸು ನೀರನ್ನು ಇಷ್ಟಪಡುವ ಮೀನುಗಳೇ. ಅವುಗಳಿಗೆ ಬೇಕಾದದ್ದು ಸಮಯ ಮಾತ್ರ. ಮೃದು ನೀರನ್ನೇ ಬಯಸುವ ಟೆಟ್ರಾ ಜಾತಿಗಳನ್ನು ತಂದವರು ಕೊನೆಯವರೆಗೂ ಆರ್‌ಒ ಬೆರೆಸಿದ ನೀರನ್ನೇ ಕೊಡಬೇಕಾಗುತ್ತದೆ, ಇದನ್ನು ಕೊಳ್ಳುವ ಮೊದಲೇ ಯೋಚಿಸಿ.

ಈ ನಾಲ್ಕು ವಾರ ಬಲೆ, ಪೈಪು, ಬಕೆಟ್ ಎಲ್ಲವೂ ಈ ತೊಟ್ಟಿಗೇ ಪ್ರತ್ಯೇಕವಾಗಿರಲಿ. ಕೊನೆಯ ಹತ್ತು ದಿನ ಯಾವ ಚಿಹ್ನೆಯೂ ಕಾಣದಿದ್ದರೆ, ಎರಡೂ ತೊಟ್ಟಿಗಳ ಟಿಡಿಎಸ್ ಒಂದಾಗಿದ್ದರೆ ಮೀನನ್ನು ದೊಡ್ಡ ಅಕ್ವೇರಿಯಂಗೆ ಸಾಗಿಸಬಹುದು. ಹೆಚ್ಚಾದ ಮರಿಗಳನ್ನು ಗೆಳೆಯರಿಗೋ ಅಂಗಡಿಗೋ ಕೊಡಿ. ಊರಿನ ಕೆರೆಗೆ, ಕಾಲುವೆಗೆ ಬಿಡಬೇಡಿ, ಅಕ್ವೇರಿಯಂನಿಂದ ಹಾಗೆ ಹೊರಬಿದ್ದ ಸಕ್ಕರ್ ಕ್ಯಾಟ್‌ಫಿಶ್ ಇಂದು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಬಲೆ ಹರಿಯುವಷ್ಟು ತುಂಬಿಕೊಂಡಿದೆ. ಖಾಲಿಯಾದ ಚಿಕ್ಕ ತೊಟ್ಟಿಯ ಸ್ಪಂಜ್ ಫಿಲ್ಟರನ್ನು ದೊಡ್ಡ ತೊಟ್ಟಿಯ ಮೂಲೆಯಲ್ಲಿ ಓಡುತ್ತಿರಲು ಬಿಟ್ಟರೆ ಮುಂದಿನ ಸಲಕ್ಕೆ ಮೊದಲ ಹಂತದ ಐದಾರು ವಾರ ಉಳಿತಾಯವಾಗುತ್ತದೆ.